ಹಳೇ ಬುಲೆಟ್‌ನ ಗೇರನ್ನು ಬಲದಿಂದ ಎಡಕ್ಕೆ ಹಾಕಿಸುವುದು ಒಳ್ಳೆಯದಾ?

ದಿನಾ ಓಡಿಸೋದು ಹೊಸ ಬೈಕು, ರಜೆ ದಿನ ಮಾತ್ರ ಹಳೇ ಬುಲೆಟ್ಟು, ಕಾಲು ಗಲಿಬಿಲಿ ಆಗುತ್ತೆ, ಅದಕ್ಕೇ ಗೇರು ಎಡಕ್ಕೆ, ಬ್ರೇಕು ಬಲಕ್ಕೆ ಹಾಕಿಸಿದರೆ ಸೇಫ್ ಅಲ್ವಾ ಅಂತ ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಮಾತನ್ನು ನಾನು ನಮ್ಮ ಮೆಕ್ಯಾನಿಕ್ ಮುಂದೆ ನಿಂತು ಹೇಳಿದ್ದೆ.

ಗಾಡಿ ಅಪ್ಪನದು. 1978ರ ಬುಲೆಟ್ 350, ಆಲ್ಬಿಯನ್ ಅನ್ನೋ ಹಳೇ ಕಂಪನಿಯ ಮಾದರಿಯ ನಾಲ್ಕು ಗೇರಿನ ಗೇರ್ ಬಾಕ್ಸು. ಗೇರು ಬಲಗಾಲಿಗೆ: ಮೊದಲನೆಯದು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಬ್ರೇಕು ಎಡಗಾಲಿಗೆ. ನಾನು ಕಲಿತದ್ದೇ ಅದರ ಮೇಲೆ. ಆಮೇಲೆ ಕೆಲಸಕ್ಕೆ ಸೇರಿ ಹೊಸ ಬೈಕು ತಗೊಂಡೆ, ಎರಡು ವರ್ಷ ಬುಲೆಟ್ ಮುಟ್ಟಲಿಲ್ಲ. ಮತ್ತೆ ಹತ್ತಿದ ದಿನ ಬ್ರೇಕ್ ಅಂದುಕೊಂಡು ಬಲಗಾಲಲ್ಲಿ ಗೇರು ತುಳಿದೆ. ಏನೂ ಅನಾಹುತ ಆಗಲಿಲ್ಲ, ಆದರೆ ಎದೆ ಧಸಕ್ಕೆಂದಿತು. ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ಕೆಲಸ ನೋಡೋಕೆ ಸುಲಭ ಅನ್ನಿಸುತ್ತೆ, ಹಾಗಿಲ್ಲ. ಗೇರ್ ಬಾಕ್ಸಿನ ಶಾಫ್ಟು ಹೊರಗೆ ಬರೋದು ಬಲಗಡೆ. ಹಿಂದಿನ ಬ್ರೇಕ್ ಡ್ರಮ್ ಇರೋದು ಎಡಗಡೆ, ಚೈನಿನ ಪಕ್ಕ. ಅಂದರೆ ಪೆಡಲುಗಳು ಎಲ್ಲಿವೆಯೋ ಅಲ್ಲಿ ಕಾರಣವಿದ್ದೇ ಇವೆ. ಅದಲುಬದಲು ಮಾಡಬೇಕಾದರೆ ಎರಡಕ್ಕೂ ಗಾಡಿಯ ಅಡ್ಡಕ್ಕೆ ಒಂದೊಂದು ಶಾಫ್ಟು ಹಾಯಿಸಬೇಕು. ಗೇರಿನದು ಪರವಾಗಿಲ್ಲ, ಅದಕ್ಕೆ ಬೀಳೋ ಬಲ ಕಮ್ಮಿ. ಆದರೆ ಒಂದು ಗಮನಿಸಿ: ಶಾಫ್ಟು ನೇರವಾಗಿ ಅಡ್ಡ ಹಾಯಿಸಿದರೆ ಗೇರಿನ ಕ್ರಮ ಬದಲಾಗೋದಿಲ್ಲ, ಎಡಗಾಲಲ್ಲೂ ಮೊದಲನೆಯದು ಮೇಲಕ್ಕೇ ಇರುತ್ತೆ. ಹೊಸ ಬೈಕಿನ ಹಾಗೆ ಕೆಳಕ್ಕೆ ಬೇಕಾದರೆ ನಡುವೆ ಒಂದು ತೋಳನ್ನು ತಿರುವುಮುರುವು ಜೋಡಿಸಬೇಕು. ನಾನು ಅದನ್ನು ಮಾಡಿಸಲಿಲ್ಲ, ಆಮೇಲೆ ನೋಡೋಣ ಅಂದೆ. ಬಲಗಡೆ ಹಿಮ್ಮಡಿಯಲ್ಲಿ ಒತ್ತಿದರೆ ಸೀದಾ ನ್ಯೂಟ್ರಲ್‌ಗೆ ಬರೋ ಪುಟ್ಟ ಲಿವರ್ ಇರುತ್ತಲ್ಲ, ಹೊಸ ಬ್ರೇಕ್ ಪೆಡಲಿಗೆ ಅಡ್ಡ ಬರುತ್ತೆ ಅಂತ ಅದನ್ನೂ ಬಿಚ್ಚಿಸಿಬಿಟ್ಟೆ. ಅಷ್ಟು ಚಂದದ ಅನುಕೂಲ ಬೇರೆ ಗಾಡಿಗಳಲ್ಲಿ ಸಿಗೋದು ಅಪರೂಪ.

ಈಗ ಬ್ರೇಕಿನ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ನಾನು ಸೋತಿದ್ದು ಇಲ್ಲೇ.

ಮೊದಲು ಹಾಕಿದ ಅಡ್ಡ ಶಾಫ್ಟು 12 ಮಿ.ಮೀ. ದಪ್ಪ. ಕಣ್ಣಿಗೆ ಗಟ್ಟಿ ಸರಳಿನ ಹಾಗೆ ಕಾಣುತ್ತೆ. ಆದರೆ ಪೆಡಲು ಒಂದು ತುದಿಗೆ, ಹಿಂದಿನ ಬ್ರೇಕಿನ ರಾಡ್ ಎಳೆಯೋ ತೋಳು ಇನ್ನೊಂದು ತುದಿಗೆ ಇದ್ದಾಗ ನಡುವಿನ ಸರಳು ತಿರುಚಿಕೊಳ್ಳುತ್ತೆ. ನಾನು ತುಳಿದ ಹಾಗೆಲ್ಲ ಪೆಡಲು ಸ್ಪಂಜಿನ ಹಾಗೆ ಕೆಳಗಿಳಿಯುತ್ತಿತ್ತು. ಶಾಫ್ಟು ದಪ್ಪ ಮಾಡೋದು ಸರಿಯಾದ ದಾರಿ. ತಿರುಚೋದನ್ನು ತಡೆಯುವ ಶಕ್ತಿ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತೆ, 12ರ ಬದಲು 16 ಮಿ.ಮೀ. ಹಾಕಿದ್ದರೆ ಮೂರು ಪಟ್ಟಿಗಿಂತ ಹೆಚ್ಚು ಬಿಗಿಯಾಗುತ್ತಿತ್ತು. ಅದಕ್ಕೆ ಶಾಫ್ಟು ಕೂರೋ ಬುಷ್‌ಗಳನ್ನೆಲ್ಲ ಮತ್ತೆ ಲೇತಿಗೆ ಕೊಡಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. ‘ರಾಡ್ ಎಳೆಯೋ ತೋಳನ್ನೇ ಸ್ವಲ್ಪ ಉದ್ದ ಮಾಡಿ, ಪೆಡಲು ಅಷ್ಟು ಕೆಳಗೆ ಹೋಗಲ್ಲ’ ಅಂದೆ. ಮೆಕ್ಯಾನಿಕ್ ಒಮ್ಮೆ ನನ್ನ ಮುಖ ನೋಡಿದರು. ‘ಮಾಡಿ ಅಣ್ಣಾ’ ಅಂದೆ. ಮಾಡಿಕೊಟ್ಟರು. ಆ ಮಾತು ನನ್ನದೇ, ತಪ್ಪೂ ನನ್ನದೇ.

ಲೆಕ್ಕ ನೋಡಿ. ಪೆಡಲಿನ ಉದ್ದ 20 ಸೆಂ.ಮೀ., ಆಚೆ ತುದಿಯ ತೋಳು 5 ಸೆಂ.ಮೀ. ಇದ್ದರೆ ನಿಮ್ಮ ಕಾಲಿನ ಬಲ ನಾಲ್ಕು ಪಟ್ಟಾಗಿ ರಾಡಿಗೆ ಸಿಗುತ್ತೆ. 30 ಕೆ.ಜಿ. ತುಳಿದರೆ 120 ಕೆ.ಜಿ. ಎಳೆತ. ನಾನು ಆ ತೋಳನ್ನು 8 ಸೆಂ.ಮೀ. ಮಾಡಿಸಿದೆ. ಎರಡೂವರೆ ಪಟ್ಟಿಗೆ ಇಳಿಯಿತು, ಅದೇ 30 ಕೆ.ಜಿ.ಗೆ ಬರೀ 75. ಮೂರನೇ ಒಂದು ಪಾಲಿಗಿಂತ ಹೆಚ್ಚು ಬ್ರೇಕು ನನ್ನ ಕೈಯಾರೆ ಹೋಯಿತು. ಆದರೆ ಪೆಡಲು? ರಾಡು ಒಂದು ಸೆಂಟಿಮೀಟರ್ ಸರಿಯೋಕೆ ಮುಂಚೆ ನಾಲ್ಕು ಸೆಂ.ಮೀ. ಇಳಿಯಬೇಕಿತ್ತು, ಈಗ ಎರಡೂವರೆ ಸಾಕು. ಅದಕ್ಕೇ ಪೆಡಲು ಮೇಲೆಯೇ ನಿಂತಿತು, ಕಾಲಿಗೆ ಕಲ್ಲಿನ ಹಾಗೆ ಸಿಕ್ಕಿತು. ಆಹಾ, ಎಂಥಾ ಬ್ರೇಕು ಅಂದುಕೊಂಡೆ. ಪೆಡಲು ಗಟ್ಟಿ ಇದ್ದರೆ ಬ್ರೇಕು ಗಟ್ಟಿ ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ. ರಾಡಿನ ಬ್ರೇಕಿನಲ್ಲಿ ಎಷ್ಟೋ ಸಲ ಅದು ತಿರುಗಾಮುರುಗಾ. ಬೇಗ ಗಟ್ಟಿಯಾಗೋ ಪೆಡಲು ಅಂದರೆ ಕಾಲಿನ ಬಲವನ್ನು ಹೆಚ್ಚಿಸೋ ಶಕ್ತಿ ಕಳೆದುಕೊಂಡ ಪೆಡಲು ಆಗಿರಬಹುದು.

ಪರೀಕ್ಷೆ ಮಾಡದೆ ಹೊರಟೆ ಅಂತಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಜೋರಾಗಿ ತಿರುಗಿಸಿ, ಪೆಡಲು ಒತ್ತಿದೆ. ಟಕ್ ಅಂತ ನಿಂತಿತು. ಗಾಳಿಯಲ್ಲಿ ತಿರುಗೋ ಖಾಲಿ ಚಕ್ರಕ್ಕೆ ಬೆರಳಿನಷ್ಟು ಬಲ ಸಾಕು, ಇಬ್ಬರನ್ನು ಹೊತ್ತ ಗಾಡಿಗೆ ಅದು ಯಾವ ಲೆಕ್ಕ ಅಂತ ಆವತ್ತು ಹೊಳೆಯಲೇ ಇಲ್ಲ.

ಆರನೇ ದಿನ. ಹಿಂದೆ ತಮ್ಮ ಕೂತಿದ್ದ. ಉದ್ದನೆಯ ಇಳಿಜಾರು, ಮೂರನೇ ಗೇರು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ಏಕಾಏಕಿ ನಿಂತಿತು. ಬಲಗಾಲಲ್ಲಿ ತುಳಿದೆ. ಪೆಡಲು ಗಟ್ಟಿ, ಗಾಡಿ ಓಡುತ್ತಲೇ ಇದೆ. ಇನ್ನೂ ಜೋರಾಗಿ ತುಳಿದೆ. ಮುಂದಿನದು ಆ ಕಾಲದ ಡ್ರಮ್ ಬ್ರೇಕು, ಇಳಿಜಾರಿನಲ್ಲಿ ಅದನ್ನೊಂದನ್ನೇ ನಂಬೋ ಹಾಗಿಲ್ಲ. ಆಗ ನನ್ನ ಎಡಗಾಲು, ಹದಿನೇಳನೇ ವಯಸ್ಸಿನಲ್ಲಿ ಕಲಿತಿದ್ದನ್ನು ತಾನಾಗಿ ಮಾಡಿತು. ಅದಕ್ಕೆ ಗೊತ್ತಿದ್ದ ಬ್ರೇಕನ್ನು ಮೈಯ ಭಾರವೆಲ್ಲ ಹಾಕಿ ತುಳಿಯಿತು. ಅಲ್ಲಿ ಈಗ ಇದ್ದದ್ದು ಗೇರು. ಕೆಳಕ್ಕೆ ತುಳಿದರೆ ಮೇಲಿನ ಗೇರು. ಗಾಡಿ ನಾಲ್ಕಕ್ಕೆ ಬಿದ್ದು, ಇಂಜಿನ್ ಅಷ್ಟಿಷ್ಟು ತಡೆಹಿಡಿದಿದ್ದ ವೇಗವೂ ಸಡಿಲವಾಯಿತು. ಟ್ರೇಲರ್ ತಪ್ಪಿಸೋಕೆ ಎಡಕ್ಕೆ ಎಳೆದೆ, ಚರಂಡಿಗೆ ಬಿದ್ದೆವು. ನನಗೆ ತರಚು ಗಾಯ. ತಮ್ಮನ ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಇವತ್ತಿಗೂ ಅವನು ತುಂಬಿದ ಬಕೆಟ್ ಎತ್ತೋದು ಎಡಗೈಯಲ್ಲಿ. ಅದನ್ನು ನೋಡಿದಾಗಲೆಲ್ಲ ಆ 8 ಸೆಂಟಿಮೀಟರ್ ನೆನಪಾಗುತ್ತೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪೋದಿಲ್ಲ. ಗಲಿಬಿಲಿ ಇರೋದು ಪೆಡಲಿನಲ್ಲಲ್ಲ. ಹೊಸ ಬೈಕಿನಲ್ಲೇ ಕಲಿತವರ ಕಾಲು ಬೇರೆ ಥರ ತಪ್ಪುತ್ತೆ, ನನ್ನದು ಬೇರೆ ಥರ ತಪ್ಪಿತು. ಪೆಡಲು ಬದಲಿಸಿದರೂ ಮೈಯೊಳಗಿನ ಅಭ್ಯಾಸ ಹಾಗೇ ಕೂತಿರುತ್ತೆ, ಅದರ ಮೇಲೆ ಹೊಸದಾಗಿ ಒಂದು ದುರ್ಬಲ ಕೊಂಡಿ ಸೇರಿಸಿದ ಹಾಗಾಗುತ್ತೆ. ಎರಡು ವಾರ ಹೊಸ ಬೈಕಿಗೆ ಬೀಗ ಹಾಕಿ, ಬರೀ ಬುಲೆಟ್ ಓಡಿಸಿ. ಖಾಲಿ ಮೈದಾನದಲ್ಲಿ ಎಡಗಾಲಲ್ಲಿ ಬ್ರೇಕು ಹಿಡಿದು ನಿಲ್ಲಿಸೋದನ್ನು ದಿನಾ ಐವತ್ತು ಸಲ ಮಾಡಿ. ಆಮೇಲೆ ರಜೆ ದಿನ ಮಾತ್ರ ಹತ್ತಿದರೂ, ಹೊರಡುವ ಮುಂಚೆ ನಾಲ್ಕೈದು ಸಲ ನಿಲ್ಲಿಸಿ ನೋಡಿಯೇ ರಸ್ತೆಗೆ ಇಳಿಯಿರಿ.

ಕಂಪನಿಗಳೇ ಬದಲಾಯಿಸಿವೆ ಅಂತ ಹೇಳುವವರು ಸಿಗುತ್ತಾರೆ. ನಿಜ. ಅಮೆರಿಕದ ನಿಯಮ 1974ರ ಸೆಪ್ಟೆಂಬರಿನಿಂದ ಎಡಗಾಲಿನ ಗೇರನ್ನು ಕಡ್ಡಾಯ ಮಾಡಿದಾಗ ಬ್ರಿಟನ್ನಿನ ನಾರ್ಟನ್ ಕಮಾಂಡೊ, ಹಾರ್ಲೆ ಸ್ಪೋರ್ಟ್‌ಸ್ಟರ್ ಬೈಕುಗಳೆಲ್ಲವೂ ಅಡ್ಡ ಕೊಂಡಿ ಹಾಕಿಕೊಂಡೇ ದಾಟಿದವು. ಆದರೆ 1975ರ ಕಮಾಂಡೊದಲ್ಲಿ ನಾರ್ಟನ್ ಹಿಂದಕ್ಕೆ ಡಿಸ್ಕ್ ಬ್ರೇಕನ್ನೇ ಕೊಟ್ಟಿತು. ಆ ಬ್ರೇಕನ್ನು ಒತ್ತೋದು ಪೈಪಿನೊಳಗಿನ ಎಣ್ಣೆ; ಪೈಪಿಗೆ ಎಡ-ಬಲದ ಹಂಗಿಲ್ಲ, ಸರಳಿನ ಹಾಗೆ ತಿರುಚಿಕೊಳ್ಳೋದೂ ಇಲ್ಲ. ನಮ್ಮ ಮನೆ ಮುಂದಿನ ವೆಲ್ಡಿಂಗ್ ಕೆಲಸವನ್ನು ಅದಕ್ಕೆ ಹೋಲಿಸಬೇಡಿ.

ಬಲ ಮಂಡಿಗೋ ಕಣಕಾಲಿಗೋ ತೊಂದರೆಯಿದ್ದು ಗೇರು ಮೇಲೆತ್ತೋಕೆ ಆಗದಿದ್ದರೆ ಅದು ಬೇರೆ ಮಾತು. ಆಗಲೂ ಮೊದಲು ಹಿಮ್ಮಡಿಯಿಂದಲೂ ತುಳಿಯೋ ಜೋಡಿ ಲಿವರ್ ಹಾಕಿಸಿ ನೋಡಿ, ಬ್ರೇಕನ್ನು ಮುಟ್ಟಬೇಡಿ.

ಕೈ ಸುಮ್ಮನಿರಲ್ಲ, ಏನಾದರೂ ಮಾಡಲೇಬೇಕು ಅಂತಿದ್ದರೆ ಇದ್ದ ಜಾಗದಲ್ಲೇ ಸರಿ ಮಾಡಿ. ಗೇರ್ ಲಿವರನ್ನು ಶಾಫ್ಟಿನಲ್ಲಿ ಒಂದೇ ಹಲ್ಲು ಆಚೀಚೆ ಹಾಕಿದರೂ ಕಾಲಿಗೆ ಬೇರೆಯದೇ ಗಾಡಿ ಅನ್ನಿಸುತ್ತೆ. ನಿಮ್ಮ ಶೂ ಹಾಕಿಕೊಂಡೇ ಕೂತು ಅಳತೆ ನೋಡಿ, ಬರಿಗಾಲಲ್ಲಿ ಅಲ್ಲ. ಬ್ರೇಕ್ ಪೆಡಲು ಫುಟ್‌ರೆಸ್ಟಿಗಿಂತ ಎತ್ತರ ಇದ್ದರೆ ಕಾಲೆತ್ತಿ ಇಡೋದರಲ್ಲೇ ಹೊತ್ತು ಹೋಗುತ್ತೆ, ಇಳಿಸಿಕೊಳ್ಳಿ. ಆಮೇಲೆ ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತೋ ಕ್ಯಾಮ್ ತೊಳೆದು ಗ್ರೀಸ್ ಹಚ್ಚಿ, ಶೂ ಮೇಲಿನ ಲೈನಿಂಗ್ ಸವೆದಿದ್ದರೆ ಬದಲಿಸಿ. ಜೋಡಿಸುವಾಗ ಯಾರನ್ನಾದರೂ ಪೆಡಲು ತುಳಿಯಲು ಹೇಳಿ, ನೀವು ಡ್ರಮ್ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ: ಬ್ರೇಕ್ ಶೂ ಕಚ್ಚುವ ಗಳಿಗೆಯಲ್ಲಿ ರಾಡೂ ಡ್ರಮ್ಮಿನ ತೋಳೂ ಲಂಬಕೋನಕ್ಕೆ ಬಂದಿರಬೇಕು. ತೋಳು ಅದನ್ನು ದಾಟಿ ಬಾಗಿದ್ದರೆ ಲೈನಿಂಗ್ ಮುಗಿದಿದೆ, ಅಥವಾ ತೋಳು ತಪ್ಪು ಹಲ್ಲಿಗೆ ಕೂತಿದೆ. ಅಪ್ಪನ ಗಾಡಿಗೆ ಹಳೇ ಪೆಡಲುಗಳನ್ನೇ ವಾಪಸ್ ಹಾಕಿದ ದಿನ ನಾನು ಮಾಡಿದ್ದೂ ಇಷ್ಟೇ. ಪೆಡಲು ತುಳಿದು ಹಿಡಿದವನು ತಮ್ಮ, ಕೈಗೆ ಪ್ಲಾಸ್ಟರ್ ಇನ್ನೂ ಇತ್ತು.