ಅಭ್ಯರ್ಥಿಯ ಹಳೆಯ ಗಾಯ: ಕೇಳುವ ಹಕ್ಕು, ಹೇಳದಿರುವ ಹಕ್ಕು

ಪ್ರಶ್ನೆ: 2016ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಹಿಲರಿ ಕ್ಲಿಂಟನ್ ಅವರ ತಲೆಗೆ 2012ರಲ್ಲಿ ಬಿದ್ದ ಪೆಟ್ಟಿನ ಬಗ್ಗೆ ಎದುರಾಳಿಗಳು ವರ್ಷಗಳ ನಂತರವೂ ಅನುಮಾನ ಎತ್ತಿದ್ದರೆಂದು ಓದಿದೆ. ರೋಗಿಯ ದಾಖಲೆಯನ್ನು ಗೋಪ್ಯವಾಗಿಡುವ ಕಾನೂನು ಅಮೆರಿಕದಲ್ಲಿ ಇದೆಯಲ್ಲವೇ? ಹಾಗಿದ್ದಮೇಲೆ ಇಂತಹ ಪ್ರಶ್ನೆ ಕೇಳುವುದೇ ತಪ್ಪಲ್ಲವೇ?

ಉತ್ತರ: ಕೇಳುವುದನ್ನು ಆ ಕಾನೂನು ತಡೆಯುವುದಿಲ್ಲ. ‘ಹಿಪಾ’ ಎಂದು ಕರೆಯಲಾಗುವ 1996ರ ಕಾಯ್ದೆ ಮತ್ತು ಅದರಡಿ ಬಂದ ಗೋಪ್ಯತಾ ನಿಯಮಗಳು ವೈದ್ಯರು, ಆಸ್ಪತ್ರೆಗಳು, ಆರೋಗ್ಯ ವಿಮಾ ಸಂಸ್ಥೆಗಳು ಹಾಗೂ ಅವರ ಪರವಾಗಿ ದಾಖಲೆ ನಿರ್ವಹಿಸುವವರಿಗೆ ಅನ್ವಯಿಸುತ್ತವೆಯೇ ಹೊರತು ಪತ್ರಕರ್ತರಿಗಾಗಲೀ ಮತದಾರರಿಗಾಗಲೀ ಅಲ್ಲ. ದುರುದ್ದೇಶದಿಂದಲೋ ಲಾಭಕ್ಕಾಗಿಯೋ ದಾಖಲೆ ಸೋರಿಕೆ ಮಾಡಿದವರಿಗೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ತನ್ನ ಕಾಯಿಲೆಯ ವಿವರವನ್ನು ರೋಗಿಯೇ ಹೇಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ಅಭ್ಯರ್ಥಿಯೊಬ್ಬರು ‘ಹೇಳಲು ಕಾನೂನು ಬಿಡುವುದಿಲ್ಲ’ ಎಂದರೆ ಅದು ಸರಿಯಲ್ಲ. ‘ಹೇಳಲು ನನಗೆ ಇಷ್ಟವಿಲ್ಲ’ ಎನ್ನುವುದಕ್ಕೆ ಮಾತ್ರ ಅವರಿಗೆ ಪೂರ್ಣ ಅಧಿಕಾರವಿದೆ, ಏಕೆಂದರೆ ಆರೋಗ್ಯದ ದಾಖಲೆ ಬಹಿರಂಗಪಡಿಸಲೇಬೇಕೆಂದು ಅಧ್ಯಕ್ಷೀಯ ಅಭ್ಯರ್ಥಿಗಳನ್ನು ಅಲ್ಲಿನ ಯಾವ ಕಾನೂನೂ ಕಟ್ಟಿಹಾಕಿಲ್ಲ.

ಇನ್ನು ಕ್ಲಿಂಟನ್ ಅವರ ವಿಷಯ. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಅವರು 2012ರ ಡಿಸೆಂಬರ್‌ನಲ್ಲಿ ಹೊಟ್ಟೆಯ ಸೋಂಕಿನಿಂದ ನಿತ್ರಾಣಗೊಂಡು, ಮೂರ್ಛೆಹೋಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ನಂತರದ ತಪಾಸಣೆಯಲ್ಲಿ ಬಲಗಿವಿಯ ಹಿಂದೆ, ಮಿದುಳಿಗೂ ತಲೆಬುರುಡೆಗೂ ನಡುವಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡುಬಂತು. ಡಿಸೆಂಬರ್ 30ರಂದು ಆಸ್ಪತ್ರೆ ಸೇರಿದವರು ಜನವರಿ 2ರಂದು ಹೊರಬಂದರು. ಆದರೂ 2014ರಲ್ಲಿ ರಿಪಬ್ಲಿಕನ್ ಪಕ್ಷದ ತಂತ್ರಗಾರ ಕಾರ್ಲ್ ರೋವ್ ಅವರು ಮೂವತ್ತು ದಿನಗಳ ಆಸ್ಪತ್ರೆವಾಸದ ಮಾತನ್ನಾಡಿದರೆಂದು ವರದಿಯಾಯಿತು. 2015ರ ಜುಲೈನಲ್ಲಿ ಕ್ಲಿಂಟನ್ ಅವರ ವೈದ್ಯೆ ಬರೆದ ಪತ್ರ ಪ್ರಕಟವಾಯಿತು: ಕೆಲಕಾಲ ವಸ್ತುಗಳು ಎರಡೆರಡಾಗಿ ಕಾಣುತ್ತಿದ್ದುದರಿಂದ ವಿಶೇಷ ಕನ್ನಡಕ ಧರಿಸಿದ್ದರು, ಎರಡು ತಿಂಗಳೊಳಗೆ ಲಕ್ಷಣಗಳು ಮಾಯವಾದವು, ಹೆಪ್ಪು ಕರಗಿದೆ, ಮುನ್ನೆಚ್ಚರಿಕೆಗಾಗಿ ರಕ್ತ ತೆಳುಗೊಳಿಸುವ ಔಷಧ ಮುಂದುವರಿದಿದೆ.

ನನ್ನ ದೃಷ್ಟಿಯಲ್ಲಿ ಮತದಾರರಿಗೆ ಸಲ್ಲಬೇಕಾದ ಉತ್ತರವೆಂದರೆ ಇಂಥದ್ದೇ. ಹೊಣೆಗಾರಿಕೆ ನಿಭಾಯಿಸುವ ಶಕ್ತಿ ಇಂದು ಇದೆಯೇ ಎಂಬುದು ನ್ಯಾಯವಾದ ಪ್ರಶ್ನೆ. 1919ರಲ್ಲಿ ಪಾರ್ಶ್ವವಾಯು ಪೀಡಿತರಾದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ನಿಜಸ್ಥಿತಿಯನ್ನು ತಿಂಗಳುಗಟ್ಟಲೆ ದೇಶದಿಂದ ಮುಚ್ಚಿಟ್ಟದ್ದನ್ನು ಬಲ್ಲವರು ಅದನ್ನು ಕೇಳದೆ ಇರಲಾರರು. ಆದರೆ ಅದಕ್ಕಾಗಿ ಇಡೀ ಕಡತವನ್ನು ತೆರೆಯಬೇಕೆಂಬ ಒತ್ತಾಯವನ್ನು ನಾನು ಒಪ್ಪಲಾರೆ. ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಜಾನ್ ಮೆಕೇನ್ 2008ರಲ್ಲಿ ತಮ್ಮ ಆರೋಗ್ಯ ದಾಖಲೆಯ ಸಾವಿರಕ್ಕೂ ಹೆಚ್ಚು ಪುಟಗಳನ್ನು ಆಯ್ದ ಪತ್ರಕರ್ತರಿಗೆ ಕೆಲವೇ ಗಂಟೆಗಳ ಕಾಲ ನೋಡಗೊಟ್ಟರು, ಪ್ರತಿ ತೆಗೆಯಲು ಬಿಡಲಿಲ್ಲ. ಅಷ್ಟು ಅವಸರದಲ್ಲಿ ಅಷ್ಟು ಪುಟ ಓದಿದವರಿಗೆ ತಿಳಿಯುವುದಕ್ಕಿಂತ, ಚಿಕಿತ್ಸೆ ನೀಡಿದ ವೈದ್ಯರು ಸಹಿ ಹಾಕಿ ಬರೆದ ಸ್ಪಷ್ಟ ಪತ್ರದಿಂದ ತಿಳಿಯುವುದು ಹೆಚ್ಚು. ಹಾಗೆಯೇ, ರೋಗಿಯನ್ನು ಒಮ್ಮೆಯೂ ಪರೀಕ್ಷಿಸದ ವೈದ್ಯರು ಟಿವಿಯಲ್ಲಿ ದೃಶ್ಯಗಳನ್ನು ನೋಡಿ ರೋಗ ನಿರ್ಣಯಿಸಿದರೆ, ಅದನ್ನು ವೈದ್ಯಕೀಯ ಅಭಿಪ್ರಾಯವೆಂದು ದಯವಿಟ್ಟು ಪರಿಗಣಿಸಬೇಡಿ.