ಬಂಡೆ ಪುಡಿ ಮಾಡುವವನಿಗೆ ಸುಳ್ಳು ತಿಳಿಯಲಿಲ್ಲವೇ?

ಪತ್ರ: ನಿಮ್ಮ ಧಾರಾವಾಹಿಯ ಯೋಧ ಬರಿಗೈಯಲ್ಲಿ ಬಂಡೆ ಪುಡಿ ಮಾಡುತ್ತಾನೆ. ಅವನ ಗೆಳೆಯನಿಗೆ ಹತ್ತು ಮೈಲಿ ದೂರದ ಪಿಸುಮಾತೂ ಕೇಳಿಸುತ್ತದೆ. ಇಂಥವರನ್ನು ಸುಳ್ಳು ಹೇಳಿ ಮಹಾಯುದ್ಧಕ್ಕೆ ಇಳಿಸಿದರು ಅಂದರೆ ನಂಬೋದು ಹೇಗೆ? ನನ್ನ ಎಂಟನೇ ತರಗತಿ ಹುಡುಗರೇ ಒಪ್ಪುತ್ತಿಲ್ಲ.
– ಒಬ್ಬ ಶಿಕ್ಷಕರು, ಗಂಗಾವತಿ

ಉತ್ತರ: ಮಾಸ್ತರೇ, ನಿಮ್ಮ ಹುಡುಗರಿಗೆ ಶಲ್ಯನ ಕಥೆ ಹೇಳಿ ನೋಡಿ.

ಚಿಕ್ಕವನಿದ್ದಾಗ ಕೊಪ್ಪಳದ ಕಡೆ ನಮ್ಮ ಅಜ್ಜಿ ಊರಲ್ಲಿ ತೊಗಲುಗೊಂಬೆ ಆಟ ನೋಡಿದ್ದೆ. ಪರದೆ ಹಿಂದೆ ಎಣ್ಣೆ ದೀಪ. ಶಲ್ಯನ ಗೊಂಬೆ ನನ್ನ ಎದೆಮಟ್ಟ ಇತ್ತು, ದೀಪದ ಬೆಳಕಿಗೆ ಅದರ ಕೆಂಪು ಬಣ್ಣ ಉರಿಯುತ್ತಿತ್ತು. ನಕುಲ ಸಹದೇವರ ಸೋದರಮಾವ, ಪಾಂಡವರ ಕಡೆಗೆ ಸೈನ್ಯ ಕಟ್ಟಿಕೊಂಡು ಹೊರಟವನು. ದಾರಿಯುದ್ದಕ್ಕೂ ಚಪ್ಪರ, ಊಟ, ಉಪಚಾರ. ಧರ್ಮರಾಯನೇ ಮಾಡಿಸಿದ್ದಾನೆ ಅಂದುಕೊಂಡು ಖುಷಿಯಾಗಿ, ಇದನ್ನು ಮಾಡಿಸಿದವನಿಗೆ ಬೇಕಾದ್ದು ಕೊಡುತ್ತೇನೆ ಅಂದುಬಿಟ್ಟ. ಎದುರಿಗೆ ಬಂದು ನಿಂತವನು ದುರ್ಯೋಧನ! ಪಕ್ಕದಲ್ಲಿ ಕೌದಿ ಹೊದ್ದು ಕೂತಿದ್ದ ಅಜ್ಜಿ ಅಂದಳು: "ಉಂಡಾನಲ್ಲ, ಇನ್ನ ಹೆಂಗ ಬಿಡ್ತಾನ?" ಕೊಟ್ಟ ಮಾತಿಗೆ ಕಟ್ಟುಬಿದ್ದು ಶಲ್ಯ ಕೌರವರ ಕಡೆ ನಿಂತ. 18ನೇ ದಿನ ಅವರ ಸೇನಾಪತಿಯಾದ, ಅವತ್ತೇ ಧರ್ಮರಾಯನ ಕೈಯಲ್ಲಿ ಸತ್ತ.

ಅವನ ತೋಳಿನ ಬಲ ಎಲ್ಲೂ ಕಮ್ಮಿ ಆಗಿರಲಿಲ್ಲ. ದುರ್ಯೋಧನ ಗುರಿಯಿಟ್ಟಿದ್ದು ತೋಳಿಗಲ್ಲ, ಅವನ ನಾಲಿಗೆಗೆ, ಆಡಿದ ಮಾತು ತಪ್ಪದ ಆ ಗುಣಕ್ಕೆ.

ಪುರಾಣ ಬೇಡ ಅಂದರೆ ಇತಿಹಾಸವೂ ಇದೆ. 1939ರ ಆಗಸ್ಟ್ 31ರ ರಾತ್ರಿ, ಪೋಲಿಷರ ವೇಷ ಹಾಕಿದ ಜರ್ಮನ್ನರು ತಮ್ಮದೇ ಗ್ಲೈವಿಟ್ಸ್ ರೇಡಿಯೊ ಕೇಂದ್ರಕ್ಕೆ ನುಗ್ಗಿದರು. ಪೋಲೆಂಡೇ ನಮ್ಮ ಮೇಲೆ ಬಿದ್ದಿತು ಅಂತ ತೋರಿಸುವ ನಾಟಕ ಅದು. ಬೆಳಗಾಗುವಷ್ಟರಲ್ಲಿ ಜರ್ಮನ್ ಸೈನ್ಯ ಪೋಲೆಂಡಿನೊಳಗೆ ಇತ್ತು. ಮುಂದಿನ ವರ್ಷ ಫ್ರಾನ್ಸಿನ ಮೇಲೆ ಹೋಗುವಾಗ ಅದೇ ಸೈನಿಕರಿಗೆ ಪರ್ವಿಟಿನ್ ಎಂಬ ಮಾತ್ರೆ ಹಂಚಿದರು. ಅದರಲ್ಲಿದ್ದದ್ದು ಮೆಥಾಂಫೆಟಮಿನ್ ಎಂಬ ಉತ್ತೇಜಕ ಮದ್ದು, ಒಂದರಲ್ಲಿ 3 ಮಿಲಿಗ್ರಾಂ. ನಿದ್ದೆ ಇಲ್ಲ, ಹಸಿವಿಲ್ಲ, ಹೆದರಿಕೆ ಇಲ್ಲ. ನಿಮ್ಮ ಹುಡುಗರು ಕೇಳುವ 'ಸೂಪರ್ ಸೈನಿಕ' ನಿಜವಾಗಿ ಇದ್ದರೆ ಅವನೇ. ದಿನಗಟ್ಟಲೆ ಎಚ್ಚರ ಇದ್ದ, ಆದರೆ ಯಾಕೆ ಹೊರಟಿದ್ದೇವೆ ಅನ್ನುವುದು ಅವನಿಗೆ ತಿಳಿದಿತ್ತೇ?

ನಮ್ಮ ಕಡೆಯ ಕಲಬುರಗಿ ಜಿಲ್ಲೆಯ ಹುಡುಗರ ಸುದ್ದಿ ನೀವೂ ಓದಿರುತ್ತೀರಿ. ಸೆಕ್ಯುರಿಟಿ ಕೆಲಸ ಅಂತ ಏಜೆಂಟರು ರಷ್ಯಾಕ್ಕೆ ಕರೆದೊಯ್ದರು, ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧಕ್ಕೆ ತಳ್ಳಿದರು. 2024ರ ಸೆಪ್ಟೆಂಬರಿನಲ್ಲಿ ಅವರು ಮನೆ ಸೇರಿದರು. ಅವರಿಗೆ ಯಾವ ಮಾಯಾಶಕ್ತಿಯೂ ಇರಲಿಲ್ಲ, ಗಟ್ಟಿ ಮೈ ಮತ್ತು ಮನೆಯ ಕಷ್ಟ ಇತ್ತು. ಈ ಸುದ್ದಿ ಓದಿದ ದಿನವೇ ನಾನು ಈ ಧಾರಾವಾಹಿಯನ್ನು ಹಾಕಬೇಕು ಅಂತ ತೀರ್ಮಾನಿಸಿದ್ದು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ನಮ್ಮ ಯೋಧರು ತುಂಬಾ ಬೇಗ ನಂಬಿಬಿಡುತ್ತಾರೆ. ಶಲ್ಯನಿಗೆ ಚಪ್ಪರ ಹಾಕಲು ದಿನಗಳೇ ಹಿಡಿದವು, ಅಲ್ವಾ? ಇದನ್ನು ಲೇಖಕರಿಗೆ ಫೋನ್ ಮಾಡಿ ಹೇಳಿದ್ದೇನೆ, ನಿಮ್ಮ ಪತ್ರವನ್ನೂ ಕಳಿಸಿದ್ದೇನೆ. ಹುಡುಗರು ಶಲ್ಯನ ಬಗ್ಗೆ ಏನಂದರು ಅಂತ ಬರೆಯಿರಿ, ಮುಂದಿನ ತಿಂಗಳು ಇದೇ ಪುಟದಲ್ಲಿ ಹಾಕುತ್ತೇನೆ.