ಇಬ್ರಾಹಿಂಗಳ ಪಟ್ಟಿ ಮಾಡಬೇಡಿ, ಯಾರ ಗೋರಿ ಎಲ್ಲಿದೆ ಅಂತ ತಿಳಿದುಕೊಳ್ಳಿ

ಪರೀಕ್ಷೆಗೆ ಓದುವಾಗ ಇಬ್ರಾಹಿಂ ಹೆಸರಿನ ಸುಲ್ತಾನರು, ಊರುಗಳು, ಕಟ್ಟಡಗಳು ಎಲ್ಲ ಕಲಸಿಹೋಗುತ್ತಿವೆ, ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ ಬಾಯಿಪಾಠ ಮಾಡಲೋ ಇಲ್ಲ ಇಸವಿಯ ಪ್ರಕಾರ ಜೋಡಿಸಿಕೊಳ್ಳಲೋ ಅಂತ ಕೇಳಿದ್ದೀರಿ. ನೀವು ಹೇಳುವ ಆ ಒಂದೇ ಹಾಳೆಯನ್ನು ನಾನು 1996ರಲ್ಲಿ ಮಾಡಿದ್ದೆ. ಅದಕ್ಕೆ ತೆತ್ತದ್ದು ನಮ್ಮಪ್ಪ ಕೊಳ್ಳಬೇಕಿದ್ದ ಕುದುರೆ.

ಆಗ ನಮ್ಮೂರು ಇನ್ನೂ ಬಿಜಾಪುರ. ಅಪ್ಪ ಟಾಂಗಾ ಹೊಡೆಯುತ್ತಿದ್ದ. ಸ್ಟೇಷನ್ನಿನಲ್ಲಿ ಪ್ರವಾಸಿಗಳನ್ನು ಹತ್ತಿಸಿಕೊಂಡು ಗೋಳಗುಮ್ಮಟ, ಜಾಮಿ ಮಸೀದಿ, ತಾಜ್ ಬಾವಡಿ ತೋರಿಸಿ, ಕೊನೆಗೆ ಊರ ಪಡುವಣಕ್ಕಿರುವ ಇಬ್ರಾಹಿಂ ರೋಜಾದಲ್ಲಿ, ಅಂದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿಯ ಹತ್ತಿರ, ಇಳಿಸುವುದು ಅವನ ದಿನದ ಸುತ್ತು. ನಾನು ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಅಪ್ಪನ ಗಾಡಿಯಲ್ಲೇ ಹೋಗಿ ರೋಜಾದ ಬಾಗಿಲಲ್ಲಿ ನಿಂತು, ಬಂದವರಿಗೆ ಕಥೆ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಿದ್ದೆ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ, ಕಿಟಕಿಗಳಿಗೆ ಅಕ್ಷರಗಳನ್ನೇ ಕೊರೆದು ಜಾಲರಿ ಮಾಡಿದ ಕಲ್ಲು. ಬೆಳಗಿನ ಬಿಸಿಲು ಆ ಜಾಲರಿಯಿಂದ ಒಳಗೆ ಬೀಳುವುದನ್ನು ನೋಡಿದವರು ಒಂದು ಕಥೆ ಕೇಳದೆ ಹೋಗುತ್ತಿರಲಿಲ್ಲ.

ಕಥೆಗೆ ಬೇಕಾದ ವಿಷಯಗಳನ್ನು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಹೆಸರಿಗೊಂದು ಪತ್ರಿಕೆ. ಅಲಿಗೊಂದು, ಯೂಸುಫ್‌ಗೊಂದು, ಇಬ್ರಾಹಿಂಗೊಂದು. ಗ್ರಂಥಾಲಯದಲ್ಲಿ ಯಾವ ಪುಸ್ತಕ ಕೈಗೆ ಸಿಕ್ಕರೂ, ಇಬ್ರಾಹಿಂ ಅಂತ ಕಂಡದ್ದನ್ನೆಲ್ಲ ಅದೇ ಪತ್ರಿಕೆಗೆ ಇಳಿಸುತ್ತಿದ್ದೆ. ನಾನು ಹಾಳಾದದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ.

ಬಿಜಾಪುರ ಆಳಿದ ಆದಿಲ್ ಶಾಹಿಗಳಲ್ಲಿ ಇಬ್ಬರು ಇಬ್ರಾಹಿಂಗಳಿದ್ದಾರೆ ಅಂತ ನನಗೆ ಗೊತ್ತಿತ್ತು. ಒಂದನೆಯವನು 1534ರಿಂದ 1558ರವರೆಗೆ. ಅವನನ್ನು ಸರಿಯಾಗಿಯೇ ಬೇರೆ ಇಟ್ಟಿದ್ದೆ. ಆದರೆ ಪ್ರಪಂಚದಲ್ಲಿ ಇರುವುದೇ ಇಬ್ಬರು ಎಂಬಂತೆ, ಒಂದನೆಯವನದ್ದಲ್ಲದ್ದೆಲ್ಲ ಎರಡನೆಯವನದ್ದು ಅಂತ ತಿಳಿದೆ. ಪತ್ರಿಕೆಯಲ್ಲಿ ಒಂದು ಸಾಲು '1550–1580' ಅಂತಿತ್ತು. ಅದರ ಕೆಳಗೆ ಇನ್ನೊಂದು ಪುಸ್ತಕದಿಂದ ತೆಗೆದದ್ದು '1580–1627'. ಎರಡರಲ್ಲೂ 1580 ಇದೆ, ಕೊಂಡಿ ಹಾಕಿದ ಹಾಗೆ ಕೂಡಿಕೊಂಡಿವೆ. ಮೊದಲನೆಯದು ಯುವರಾಜನಾಗಿದ್ದ ಕಾಲ, ಎರಡನೆಯದು ಪಟ್ಟಕ್ಕೆ ಬಂದ ಮೇಲಿನ ಕಾಲ ಅಂತ ನಾನೇ ಅರ್ಥ ಮಾಡಿಕೊಂಡೆ. ಅದೇ ಪತ್ರಿಕೆಯಲ್ಲಿ 'ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯ' ಅಂತಲೂ ಇತ್ತು, 'ಕಿತಾಬ್-ಎ-ನವರಸ್ ಎಂಬ ಹಾಡುಗಳ ಪುಸ್ತಕ ಬರೆದ, ಸರಸ್ವತಿಯನ್ನು ಸ್ತುತಿಸಿದ, ಜಗದ್ಗುರು ಎನಿಸಿಕೊಂಡ' ಅಂತಲೂ ಇತ್ತು. ಎರಡೂ ತಾವಾಗಿಯೇ ಜೋಡಿಯಾದವು. ಹಂಪಿಯಲ್ಲಿ ಬೆಳೆದ ಹುಡುಗ ಅಲ್ಲಿನ ಗುಡಿಗಳಲ್ಲಿ ಸಂಗೀತ ಕೇಳಿದ, ಸರಸ್ವತಿಗೆ ಮನಸೋತ, ಬಿಜಾಪುರಕ್ಕೆ ಬಂದು ನವರಸ ಬರೆದ!

ಕೇಳಿದವರು ತಲೆದೂಗುತ್ತಿದ್ದರು. ಧಾರವಾಡದಿಂದ ಬಂದಿದ್ದ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಿದ್ದರು. ಕಥೆ ಅಷ್ಟು ಸರಾಗವಾಗಿ ಕೂತಾಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ವರ್ಷ ಬಾಯಲ್ಲಿ ಹೇಳಿದ್ದನ್ನು ಆ ವರ್ಷ ಅಚ್ಚು ಹಾಕಿಸಿದೆ. ನಾಲ್ಕು ಪುಟದ ಕೈಪಿಡಿ, ಮೂರು ಸಾವಿರ ಪ್ರತಿ, ಆರು ಸಾವಿರ ರೂಪಾಯಿ. ಅಪ್ಪನ ಕುದುರೆಗೆ ವಯಸ್ಸಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ಬೇರೆಯದನ್ನು ತರಲು ಕೂಡಿಟ್ಟ ದುಡ್ಡನ್ನು ಅವನು ನನ್ನ ಕೈಗೆ ಕೊಟ್ಟ, ಒಂದು ಮಾತೂ ಕೇಳಲಿಲ್ಲ. ಪ್ರೆಸ್ಸಿನ ಯಜಮಾನರು ಕರಡಚ್ಚು ಕೊಡುವಾಗ ಹೇಳಿದ್ದರು: "ತಮ್ಮಾ, ಅಚ್ಚಿಗೆ ಹೋಗೂಕಿಂತ ಮೊದ್ಲ ಓದಿದವರು ಯಾರಿಗರೆ ಒಮ್ಮೆ ತೋರ್ಸು." ಡಿಸೆಂಬರ್ ಬಂದಿತ್ತು, ಶಾಲೆ ಮಕ್ಕಳ ಪ್ರವಾಸ ಶುರುವಾಗಿತ್ತು. "ಇಲ್ರಿ, ಎಲ್ಲಾ ಸರಿ ಅದ" ಅಂದುಬಿಟ್ಟೆ. ಇದನ್ನು ಇವತ್ತಿಗೂ ನುಂಗಲಾಗುವುದಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ತೋರಿಸು ಅಂದಾಗ ತೋರಿಸಲಿಲ್ಲ. ರೋಜಾದ ಅಂಗಳದಲ್ಲಿ ಪುರಾತತ್ವ ಇಲಾಖೆಯ ಫಲಕವೇ ಇತ್ತು, ಇಸವಿ ಸಮೇತ. ನಾನು ನಿಲ್ಲುವ ಜಾಗದಿಂದ ಇಪ್ಪತ್ತು ಹೆಜ್ಜೆ. ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಿದರೂ, ಗೊತ್ತಿದ್ದದ್ದೇ ಅಂತ ಪೂರ್ತಿ ಓದಿರಲಿಲ್ಲ.

ಹದಿನೈದು ದಿನಕ್ಕೆ ಸಿಕ್ಕಿಬಿದ್ದೆ. ಹೈದರಾಬಾದಿನಿಂದ ಬಂದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಕೈಪಿಡಿ ಕೊಂಡು ಹೊಂಡದ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಂದ ಓದಿಸಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದು ದಖನಿಯಲ್ಲಿ ಹೇಳಿದರು. ಬೇಟಾ, ರಾಮರಾಯನ ಉಪ್ಪು ಉಂಡ ಇಬ್ರಾಹಿಂ ನಮ್ಮವನು, ಗೋಲ್ಕೊಂಡದಲ್ಲಿ ಮಲಗಿದ್ದಾನೆ, ನೀನು ಅವನನ್ನು ಎಬ್ಬಿಸಿ ಇಲ್ಲಿಗೆ ಯಾಕೆ ತಂದೆ ಅಂತ. ಸಿಟ್ಟಿನಲ್ಲಿ ಅಲ್ಲ, ಮನೆಯವರ ವಿಷಯ ಮಾತಾಡುವ ಹಾಗೆ.

ಅವನು ಇಬ್ರಾಹಿಂ ಕುತುಬ್ ಶಾಹ. ಅಣ್ಣನ ಭಯಕ್ಕೆ ಓಡಿಹೋಗಿ ಏಳು ವರ್ಷ ವಿಜಯನಗರದಲ್ಲಿದ್ದು, 1550ರಲ್ಲಿ ಗೋಲ್ಕೊಂಡದ ಸುಲ್ತಾನನಾದ. ಅವನು ಹಚ್ಚಿಕೊಂಡದ್ದು ತೆಲುಗನ್ನು. ತೆಲುಗು ಕವಿಗಳು ಅವನನ್ನು ಮಲ್ಕಿಭರಾಮ ಎಂದು ಕರೆದರು. ಅದೇ ಮನುಷ್ಯ 1565ರ ರಕ್ಕಸಗಿ ತಂಗಡಗಿ ಯುದ್ಧದಲ್ಲಿ ರಾಮರಾಯನ ವಿರುದ್ಧ ನಿಂತ. 1580ರಲ್ಲಿ ತೀರಿಕೊಂಡ. ನಮ್ಮ ರೋಜಾದ ಇಬ್ರಾಹಿಂ ಅದೇ 1580ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ದೊಡ್ಡಮ್ಮ ಚಾಂದ್ ಬೀಬಿ. ಲೆಕ್ಕ ಹಾಕಿ ನೋಡಿ. ರಾಮರಾಯ ಸತ್ತು, ಹಂಪಿ ಹಾಳಾಗಿ ಐದಾರು ವರ್ಷವಾದ ಮೇಲೆ ಹುಟ್ಟಿದ ಮಗು ಅದು. ಅವನು ಹಂಪಿಯ ಗುಡಿಯಲ್ಲಿ ಸಂಗೀತ ಕೇಳಿದ ಅಂತ ನಾನು ಮೂರು ಸಾವಿರ ಪ್ರತಿ ಅಚ್ಚು ಹಾಕಿಸಿದ್ದೆ.

ಇದು ಬರೀ ಇಸವಿಯ ತಪ್ಪಾಗಿದ್ದರೆ ಚೀಟಿ ಅಂಟಿಸಿ ತಿದ್ದಬಹುದಿತ್ತು. ನಾನು ಒಬ್ಬನ ಬಾಲ್ಯ ಕಿತ್ತು ಇನ್ನೊಬ್ಬನಿಗೆ ಕೊಟ್ಟಿದ್ದೆ. ಬಿಜಾಪುರದ ಇಬ್ರಾಹಿಂಗೆ ಸರಸ್ವತಿ ಹಂಪಿಯಿಂದ ಬರಬೇಕಾಗಿಯೇ ಇರಲಿಲ್ಲ. ಅವನ ನವರಸದಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಸೂಫಿ ಸಂತ ಬಂದೇನವಾಜರು ಒಟ್ಟಿಗೆ ಬರುತ್ತಾರೆ. ಅವನ ತಂಬೂರಿಗೆ ಮೋತಿಖಾನ್ ಅಂತ ಹೆಸರು, ಆನೆಗೆ ಆತಿಶ್ ಖಾನ್ ಅಂತ. 1599ರಲ್ಲಿ ನವರಸಪುರ ಎಂಬ ಊರನ್ನೇ ಕಟ್ಟಲು ಹೊರಟ. ಅದನ್ನು 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ಹಾಳುಗೆಡವಿದ. ಅದರ ಸಂಗೀತ ಮಹಲ್ ಇವತ್ತಿಗೂ ತೊರವಿಯ ಹತ್ತಿರ ಮುರಿದು ನಿಂತಿದೆ. ಇದೆಲ್ಲ ನಮ್ಮ ಮಣ್ಣಿನಲ್ಲೇ ಆಗಿದ್ದು. ನಾನು ಅದನ್ನು ಅವನಿಂದ ಕಸಿದು ಹಂಪಿಗೆ ಕೊಟ್ಟಿದ್ದೆ.

ಅಷ್ಟರಲ್ಲಿ ಒಂದು ಶಾಲೆಯವರು ಎಂಟುನೂರು ಪ್ರತಿ ಒಯ್ದಿದ್ದರು. ನಾನೇ ಹೋಗಿ ಹೇಳಿದೆ, ದುಡ್ಡು ವಾಪಸ್ ಕೊಟ್ಟೆ. ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಬರೆದರೆ ಹೇಗೆ? ಉಳಿದದ್ದೆಲ್ಲ ರದ್ದಿಗೆ ಹೋಯಿತು. ಅಪ್ಪ ಇನ್ನೂ ಎರಡು ವರ್ಷ ಅದೇ ಕುದುರೆ ಹೂಡಿದ. ಚಡಾವು ಬಂದರೆ ತಾನು ಇಳಿದು, ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ. ನನಗೆ ಒಂದು ದಿನವೂ ಬಯ್ಯಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮುಸ್ಲಿಂ ಹೆಸರುಗಳು ಒಂದೇ ತರಹ ಇರುವುದರಿಂದ ಗೊಂದಲ ಅಂತ ಬರೆದಿದ್ದೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬಾದಾಮಿಯ ಪುಲಿಕೇಶಿಗಳನ್ನು ಯಾರೂ ಕಲಸುವುದಿಲ್ಲವಲ್ಲ? ಇಮ್ಮಡಿ ಪುಲಿಕೇಶಿ ಒಂದನೇ ಪುಲಿಕೇಶಿಯ ಮೊಮ್ಮಗ, ಅಜ್ಜನ ಹೆಸರು ಇಟ್ಟುಕೊಂಡವನು, ಚಿಕ್ಕಪ್ಪ ಮಂಗಳೇಶನ ನಂತರ ಪಟ್ಟಕ್ಕೆ ಬಂದವನು. ನಮ್ಮ ಎರಡನೇ ಇಬ್ರಾಹಿಂ ಕೂಡ ಒಂದನೇ ಇಬ್ರಾಹಿಂನ ಮೊಮ್ಮಗ, ಅಜ್ಜನ ಹೆಸರಿನವನು, ದೊಡ್ಡಪ್ಪ ಅಲಿ ಆದಿಲ್ ಶಾಹನ ನಂತರ ಪಟ್ಟಕ್ಕೆ ಬಂದವನು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ಮನೆಗಳಲ್ಲಿ ಈಗಲೂ ನಡೆಯುತ್ತದೆ. ಪುಲಿಕೇಶಿಯರ ಮನೆತನ ನಮಗೆ ಪರಿಚಯ, ಇಬ್ರಾಹಿಂಗಳ ಮನೆತನ ಪರಿಚಯವಿಲ್ಲ, ಗೊಂದಲ ಅಲ್ಲಿಂದ ಬರುವುದು.

ನಮ್ಮ ಓಣಿಯಲ್ಲಿ ಮೂವರು ಇಬ್ರಾಹಿಂಗಳಿದ್ದರು. ಟಾಂಗಾದ ಇಬ್ರಾಹಿಂ, ಹಣ್ಣು ಮಾರುವ ಬಾಗವಾನರ ಇಬ್ರಾಹಿಂ, ಗಾದಿ ಹೊಲಿಯುವ ಪಿಂಜಾರರ ಇಬ್ರಾಹಿಂಸಾಬ. ಅಕ್ಷರ ಬಾರದ ನಮ್ಮವ್ವ ಒಂದು ಸಲವೂ ಒಬ್ಬರ ಮನೆಗೆ ಕೊಡುವ ಬುತ್ತಿ ಇನ್ನೊಬ್ಬರ ಮನೆಗೆ ಕೊಡಲಿಲ್ಲ. ಅವಳು ನೆನಪಿಟ್ಟದ್ದು ಹೆಸರನ್ನಲ್ಲ, ಮನೆಯನ್ನು.

ಇಸವಿಯ ಪ್ರಕಾರ ಜೋಡಿಸುವುದೂ ಬೇಡ. 1550ರಿಂದ 1558ರವರೆಗೆ ಬಿಜಾಪುರದಲ್ಲೂ ಇಬ್ರಾಹಿಂ, ಗೋಲ್ಕೊಂಡದಲ್ಲೂ ಇಬ್ರಾಹಿಂ. 1595ರಲ್ಲಿ ಅಹಮದನಗರದ ಇಬ್ರಾಹಿಂ ನಿಜಾಮ್ ಶಾಹ ಕೆಲವೇ ತಿಂಗಳು ಆಳಿ, ಬಿಜಾಪುರದ ಇಬ್ರಾಹಿಂನ ಸೈನ್ಯದ ಎದುರು ಕಾದಾಡಿ ಸತ್ತ. ಇಸವಿ ಇವರನ್ನು ಬೇರೆ ಮಾಡುವುದಿಲ್ಲ, ಮತ್ತೂ ಹತ್ತಿರ ತಂದು ಕೂರಿಸುತ್ತದೆ. ನನ್ನನ್ನು ಕೆಡಿಸಿದ್ದು 1580 ಎಂಬ ಒಂದೇ ಅಂಕಿ.

ಹೈದರಾಬಾದಿನ ಆ ಹಿರಿಯರು ಹೇಳಿಕೊಟ್ಟದ್ದು ಬೇರೆ ದಾರಿ: ಮನುಷ್ಯ ಎಲ್ಲಿ ಮಲಗಿದ್ದಾನೆ ನೋಡು, ಯಾರ ಪಕ್ಕದಲ್ಲಿ ಮಲಗಿದ್ದಾನೆ ನೋಡು. ಹಾಗೇ ಮಾಡಿದೆ. ಒಂದನೇ ಇಬ್ರಾಹಿಂ ಬಿಜಾಪುರದಲ್ಲೇ ಇಲ್ಲ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಬಳಿ, ತಂದೆ ಇಸ್ಮಾಯಿಲ್, ಅಜ್ಜ ಯೂಸುಫ್ ಜೊತೆಗಿದ್ದಾನೆ. ಆ ಸಾದಾ ಗೋರಿಗಳ ಮುಂದೆ ನಿಂತ ಮೇಲೆ ಅಜ್ಜ ಯಾರು, ಮೊಮ್ಮಗ ಯಾರು ಅಂತ ನನಗೆ ಮತ್ತೆಂದೂ ಅನುಮಾನ ಬಂದಿಲ್ಲ. ಮೊಮ್ಮಗ ರೋಜಾದಲ್ಲಿ, ಹೆಂಡತಿ ತಾಜ್ ಸುಲ್ತಾನಾ ಮತ್ತು ತಾಯಿಯ ಜೊತೆ. ಆ ಕಟ್ಟಡ ಮೊದಲು ಎಬ್ಬಿಸಿದ್ದೇ ತಾಜ್ ಸುಲ್ತಾನಾಗಾಗಿ. ಕುತುಬ್ ಶಾಹ ಗೋಲ್ಕೊಂಡ ಕೋಟೆಯ ಹೊರಗೆ ತನ್ನ ವಂಶದ ಗುಮ್ಮಟಗಳ ನಡುವೆ. ಹೈದರಾಬಾದ್ ಕಟ್ಟಿದ ಮಗ ಮಹಮ್ಮದ್ ಕುಲಿ ಕೂಡ ಅಲ್ಲೇ. ಇಬ್ರಾಹಿಂ ಲೋದಿ 1526ರಲ್ಲಿ ಬಾಬರನ ಎದುರು ಬಿದ್ದ ಪಾಣಿಪತ್ತಿನಲ್ಲೇ ಮಣ್ಣಾದ. ಪಾಣಿಪತ್ತಿನಲ್ಲಿ ಇನ್ನೊಬ್ಬನೂ ಬರುತ್ತಾನೆ: 1761ರಲ್ಲಿ ಮರಾಠರ ತೋಪುಪಡೆ ನಡೆಸಿ, ಸೆರೆಸಿಕ್ಕು ಕೊಲೆಯಾದ ಇಬ್ರಾಹಿಂ ಖಾನ್ ಗಾರ್ದಿ. ಒಂದೇ ಮೈದಾನ, ಒಂದೇ ಹೆಸರು, ನಡುವೆ 235 ವರ್ಷ. ಒಬ್ಬ ದಿಲ್ಲಿಯ ಸುಲ್ತಾನ, ಇನ್ನೊಬ್ಬ ಮರಾಠರ ಸಂಬಳ ಉಂಡು ಕೊನೆಯವರೆಗೆ ಅವರನ್ನು ಬಿಡದ ಸೇನಾನಿ.

ಊರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೈದರಾಬಾದಿನ ತೆಂಕಣಕ್ಕಿರುವ, ದೊಡ್ಡ ಕೆರೆಯ ಇಬ್ರಾಹಿಂಪಟ್ನಂ ಕುತುಬ್ ಶಾಹನ ಹೆಸರಿನದು. ವಿಜಯವಾಡದ ಪಕ್ಕ ಕೃಷ್ಣಾ ದಂಡೆಯಲ್ಲಿ ಇನ್ನೊಂದು ಇಬ್ರಾಹಿಂಪಟ್ನಂ ಇದೆ. ಹೆಸರು ಒಂದೇ ಅಂತ ಎರಡನ್ನೂ ಒಬ್ಬನ ಲೆಕ್ಕಕ್ಕೆ ಬರೆಯಬೇಡಿ. ಪುಸ್ತಕಕ್ಕೂ ಇದೇ ಮಾತು. ನಾವೆಲ್ಲ ನೆಚ್ಚುವ, ಆ ಕಾಲದ ಇತಿಹಾಸಕಾರ ಫೆರಿಷ್ತಾನ ಚರಿತ್ರೆಗೆ ಗುಲ್ಷನ್-ಎ-ಇಬ್ರಾಹಿಮಿ ಎಂಬ ಹೆಸರಿದೆ. ಅದು ರೋಜಾದ ಇಬ್ರಾಹಿಂಗೆ ಒಪ್ಪಿಸಿದ್ದು, ಅದರ ಒಳಗೆ ಮಾತ್ರ ಉಳಿದ ಇಬ್ರಾಹಿಂಗಳೂ ಬರುತ್ತಾರೆ.

ಇನ್ನೊಂದು. ನಿಮ್ಮ ಪಟ್ಟಿಯಲ್ಲಿ ಸುಲ್ತಾನರು, ಸೇನಾನಿಗಳು ಬಿಟ್ಟರೆ ಯಾರೂ ಇಲ್ಲ. ಮಹಾಲಿಂಗಪುರದ ಇಬ್ರಾಹಿಂ ಸುತಾರರು ಎಲ್ಲಿ? ಊರೂರಿನಲ್ಲಿ ಕೂತು, ವಚನ, ತತ್ವಪದ, ಸೂಫಿಗಳ ಮಾತು ಹಿಡಿದು ಪ್ರಶ್ನೆ ಉತ್ತರದಲ್ಲಿ ಭಾವೈಕ್ಯ ಹೇಳಿದವರು, ಜನ ಕನ್ನಡದ ಕಬೀರ ಎಂದವರು. 2018ರಲ್ಲಿ ಪದ್ಮಶ್ರೀ ಬಂತು, 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಮ್ಮ ಕಡೆ ಒಂದು ಜಾತ್ರೆಯಲ್ಲಿ ರಾತ್ರಿ ಹನ್ನೊಂದರವರೆಗೆ ಅವರನ್ನು ಕೇಳಿದ್ದೇನೆ. ಅಪ್ಪನೂ ಪಕ್ಕದಲ್ಲಿದ್ದ. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಅವರನ್ನು ಬಿಟ್ಟು ಈ ಹೆಸರಿನ ಬಗ್ಗೆ ಕನ್ನಡದಲ್ಲಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಆ ಹಾಳೆಯನ್ನು ಹರಿದು ಹಾಕಿ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಮಾಡಿ, ಮೇಲೆ ಹೆಸರು ಬರೆಯಬೇಡಿ, ಊರು ಬರೆಯಿರಿ: ಗೋಗಿ, ರೋಜಾ, ಗೋಲ್ಕೊಂಡ, ಪಾಣಿಪತ್, ಮಹಾಲಿಂಗಪುರ. ಬರೆದದ್ದನ್ನು ಓದಿದವರೊಬ್ಬರಿಗೆ ತೋರಿಸಿ. ಯಾರೂ ಸಿಗದಿದ್ದರೆ ಇಲ್ಲೇ ಹಾಕಿ, ನಾನು ಕೂತು ನೋಡುತ್ತೇನೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಗೋಗಿಗೂ ಹೋಗಿ ಬನ್ನಿ, ಶಹಾಪುರದಿಂದ ದೂರವೇನಿಲ್ಲ. ಹೊತ್ತೇರುವ ಮೊದಲೇ ಹೋಗಿ, ಆಮೇಲೆ ಕಲ್ಲು ಕಾಯುತ್ತದೆ, ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.